ಇಎಸ್‌ಪಿ32 ಗೆಳೆತನ ಜಾಲ: 19ರ ನಂತರ ಹೊಸ ನೋಡ್ ಸೇರುತ್ತಿಲ್ಲ, ಆಫ್ ಮಾಡಿದ ನೋಡ್ ಪಟ್ಟಿಯಿಂದ ಹೋಗುತ್ತಿಲ್ಲ

ನೋಡ್‌ನಂಟು:

ಒಟ್ಟು 26 ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್) ಬೋರ್ಡ್‌ಗಳ ಜಾಲ ಇದು, ಒಂದೊಂದು ಬೋರ್ಡೂ ಒಂದು ನೋಡ್. ನಡುವೆ ಸರ್ವರ್ ಇಲ್ಲ. ನೋಡ್‌ಗಳು ಇಎಸ್‌ಪಿ-ನೌ (ಬೋರ್ಡ್‌ಗಳು ರೂಟರ್ ಇಲ್ಲದೆ ನೇರವಾಗಿ ಮಾತಾಡುವ ವಿಧಾನ) ಮೂಲಕ ತಾವೇ ಪರಿಚಯ ಮಾಡಿಕೊಂಡು, ತಾಪಮಾನ ಯಾರ ಹತ್ತಿರ ಇದೆ, ರಿಲೇ (ವಿದ್ಯುತ್ ಸ್ವಿಚ್) ಯಾರ ಹತ್ತಿರ ಇದೆ ಎಂದು ತಿಳಿದು, ಕೇಳಿದ ಕೆಲಸ ಮಾಡಿಕೊಟ್ಟವರಿಗೆ ನಂಬಿಕೆ ಅಂಕ ಕೊಡಬೇಕು. ಪ್ರತಿ ನೋಡ್ ಸೆಕೆಂಡಿಗೊಂದು ಹಲೋ ಸಂದೇಶವನ್ನು ಎಲ್ಲರಿಗೂ ಒಟ್ಟಿಗೆ (ಬ್ರಾಡ್‌ಕಾಸ್ಟ್) ಕಳಿಸುತ್ತದೆ. ಅದರೊಳಗೆ ತನ್ನ ಇಡೀ ಗೆಳೆಯರ ಪಟ್ಟಿ ಇರುತ್ತದೆ, 250 ಬೈಟ್ ಪೂರ್ತಿ. ಕೇಳಿಸಿಕೊಂಡ ಪ್ರತಿ ನೋಡ್ ಅದನ್ನು ಒಂದು ಸಲ ಮರುಪ್ರಸಾರ ಮಾಡುತ್ತದೆ. 6 ನೋಡ್‌ಗಳು ಬ್ಯಾಟರಿಯವು, 5 ನಿಮಿಷಕ್ಕೊಮ್ಮೆ ಡೀಪ್ ಸ್ಲೀಪ್‌ನಿಂದ ಏಳುತ್ತವೆ. ಒಂದು ನೋಡ್ ಗೇಟ್‌ವೇ, ಅದು ರೂಟರ್‌ಗೂ ಸೇರಿಕೊಂಡಿದೆ.

ತೊಂದರೆಗಳು: 19 ಗೆಳೆಯರಾದ ಮೇಲೆ ಪೀರ್ ಪಟ್ಟಿ (ರೇಡಿಯೊ ಕಳಿಸಬಲ್ಲ ವಿಳಾಸಗಳ ಪಟ್ಟಿ) ತುಂಬಿದೆ ಎಂಬ ಎರರ್. ಸುಮಾರು 15 ನೋಡ್ ಆನ್ ಆದ ಮೇಲೆ ಹಲೋಗಳು ಮನಬಂದಂತೆ ಕಳೆದುಹೋಗುತ್ತವೆ. ಆಫ್ ಮಾಡಿದ ನೋಡ್ ಗಂಟೆಗಟ್ಟಲೆ "2 ಸೆಕೆಂಡ್ ಹಿಂದೆ ಕಂಡಿದೆ" ಎಂದೇ ತೋರಿಸುತ್ತದೆ. ಬ್ಯಾಟರಿ ನೋಡ್‌ಗಳ ಡೇಟಾ ಸರಿಯಿದ್ದರೂ ನಂಬಿಕೆ ಅಂಕ 0.1ಕ್ಕೆ ಕುಸಿಯುತ್ತದೆ. ಆಗಾಗ ಗೇಟ್‌ವೇ ಎಲ್ಲರಿಗೂ ಒಟ್ಟಿಗೆ ಕಾಣೆಯಾಗುತ್ತದೆ. ಪಟ್ಟಿ ತಿದ್ದುವುದು, ಸೀರಿಯಲ್‌ಗೆ ಪ್ರಿಂಟ್ ಮಾಡುವುದು ಎಲ್ಲವೂ ರಿಸೀವ್ ಕಾಲ್‌ಬ್ಯಾಕ್ (ಸಂದೇಶ ಬಂದಾಗ ತಾನೇ ಓಡುವ ಫಂಕ್ಷನ್) ಒಳಗೇ ಇದೆ.

ಪ್ಯಾಕೆಟ್‌ಪಾಲಕ:

ಮೊದಲು ಗಾಳಿಯ (ರೇಡಿಯೊ ಹಿಡಿಯುವ ಹೊತ್ತಿನ) ಲೆಕ್ಕ ಹಾಕೋಣ. ಇಎಸ್‌ಪಿ-ನೌ ಡೀಫಾಲ್ಟ್ ವೇಗ 1 ಎಂಬಿಪಿಎಸ್ (ಸೆಕೆಂಡಿಗೆ 10 ಲಕ್ಷ ಬಿಟ್). 250 ಬೈಟ್ ಎಂದರೆ 2000 ಮೈಕ್ರೊಸೆಕೆಂಡ್. ಹೆಡರ್, ಪ್ರಿಆಂಬಲ್ ಸೇರಿಸಿದರೆ ಒಂದು ಫ್ರೇಮ್‌ಗೆ (ಗಾಳಿಯಲ್ಲಿ ಹೋಗುವ ಒಂದು ಸಂದೇಶ) ಸುಮಾರು 2.5 ಮಿಲಿಸೆಕೆಂಡ್. ಎಲ್ಲರೂ ಎಚ್ಚರವಿದ್ದರೆ 26 ಹಲೋ, ಒಂದೊಂದಕ್ಕೂ 25 ಮರುಪ್ರಸಾರ: ಸೆಕೆಂಡಿಗೆ 676 ಫ್ರೇಮ್. ಅಂದರೆ ಒಂದು ಸೆಕೆಂಡಿನಲ್ಲಿ 1.69 ಸೆಕೆಂಡಿನಷ್ಟು ಮಾತಾಡಲು ಕೇಳುತ್ತಿದ್ದೀರಿ. 15 ನೋಡ್‌ಗೇ 225 ಫ್ರೇಮ್, ಚಾನೆಲ್‌ನ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಬ್ರಾಡ್‌ಕಾಸ್ಟ್‌ಗೆ ಎಸಿಕೆ (ತಲುಪಿತು ಎಂಬ ಮರುಸಂಕೇತ) ಇಲ್ಲ, ಡಿಕ್ಕಿಯಾದರೆ ಮರುಯತ್ನವೂ ಇಲ್ಲ. ಕಳಿಸಿದ ಕಾಲ್‌ಬ್ಯಾಕ್ "ಯಶಸ್ವಿ" ಎನ್ನುತ್ತದೆ, ಆದರೆ ಯಾರೂ ಕೇಳಿಸಿಕೊಂಡಿರಲಿಕ್ಕಿಲ್ಲ. ನಿಮ್ಮ ಎರಡನೇ ತೊಂದರೆಯ ಮೂಲ ಇಷ್ಟೇ.

ಪೀರ್ ಪಟ್ಟಿ ಬೇರೆ ವಿಷಯ. ಇಎಸ್‌ಪಿ-ನೌ ಒಟ್ಟು 20 ಪೀರ್‌ಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಬ್ರಾಡ್‌ಕಾಸ್ಟ್ ವಿಳಾಸವೂ ಅದರಲ್ಲಿ ಒಂದು. ಹಾಗಾಗಿಯೇ 19. ಎನ್‌ಕ್ರಿಪ್ಟ್ ಮಾಡಿದ ಪೀರ್‌ಗಳಿಗೆ ಮಿತಿ ಇನ್ನೂ ಕಡಿಮೆ: ಡೀಫಾಲ್ಟ್ 7, ಕಾನ್ಫಿಗ್ ಬದಲಿಸಿದರೆ 17. ಅದು ರೇಡಿಯೊದ ಪಟ್ಟಿ, ಗೆಳೆಯರ ಪಟ್ಟಿ ಅಲ್ಲ. ಎರಡನ್ನೂ ಒಂದೇ ಮಾಡಿಕೊಂಡದ್ದೇ ತಪ್ಪು. ಗೆಳೆಯರ ಪಟ್ಟಿಯನ್ನು ನಿಮ್ಮದೇ ಅರೇಯಲ್ಲಿ ಇಡಿ. ಒಂದು ನಮೂದಿಗೆ 24 ಬೈಟ್ ಇಟ್ಟರೂ 64 ಗೆಳೆಯರಿಗೆ ಒಂದೂವರೆ ಕೆಬಿ ಸಾಕು. ಯಾರಿಗಾದರೂ ನೇರ ಸಂದೇಶ ಕಳಿಸುವಾಗ ಮಾತ್ರ ಪೀರ್ ಆಗಿ ಸೇರಿಸಿ. ಜಾಗ ಇಲ್ಲದಿದ್ದರೆ ಬಹಳ ಹೊತ್ತಿನಿಂದ ಬಳಸದ ಪೀರ್ ತೆಗೆಯಿರಿ, ಆದರೆ ಅದರ ಸೆಂಡ್ ಕಾಲ್‌ಬ್ಯಾಕ್ ಬಂದ ಮೇಲೆಯೇ ತೆಗೆಯಿರಿ. ಎನ್‌ಕ್ರಿಪ್ಷನ್ ಇಲ್ಲದ ಫ್ರೇಮ್ ಸ್ವೀಕರಿಸಲು ಕಳಿಸಿದವರು ಪೀರ್ ಪಟ್ಟಿಯಲ್ಲಿ ಇರಬೇಕಾಗಿಯೇ ಇಲ್ಲ.

ಬೆಸುಗೆಬಿಂದು:

ಕಾಲ್‌ಬ್ಯಾಕ್ ವಿಷಯ ಮೊದಲು ಸರಿಮಾಡಿ, ಇಲ್ಲದಿದ್ದರೆ ಉಳಿದ ಅಳತೆಗಳನ್ನೂ ನಂಬಲಾಗದು. ಅದು ವೈಫೈ ಟಾಸ್ಕ್‌ನ ಒಳಗೆ ಓಡುತ್ತದೆ. ನೀವು ಅಲ್ಲಿ ಪ್ರಿಂಟ್ ಮಾಡುತ್ತಿರುವಾಗ ಮುಂದಿನ ಫ್ರೇಮ್‌ಗಳು ಕಾಯುತ್ತವೆ, ಆಮೇಲೆ ಬೀಳುತ್ತವೆ. ಡೇಟಾ ಪಾಯಿಂಟರ್ ಕೂಡ ಕಾಲ್‌ಬ್ಯಾಕ್ ಮುಗಿದ ಮೇಲೆ ನಿಮ್ಮದಲ್ಲ. ಬೈಟ್‌ಗಳನ್ನು ನಕಲು ಮಾಡಿ ಫ್ರೀಆರ್‌ಟಿಒಎಸ್ (ಬೋರ್ಡಿನ ಪುಟ್ಟ ಆಪರೇಟಿಂಗ್ ಸಿಸ್ಟಂ) ಕ್ಯೂಗೆ ಹಾಕಿ ಹೊರಬನ್ನಿ. ಕ್ಯೂ ತುಂಬಿದ್ದರೆ ಕಾಯದೆ ಬಿಟ್ಟುಬಿಡಿ, ಬಿಟ್ಟದ್ದನ್ನು ಒಂದು ಕೌಂಟರ್‌ನಲ್ಲಿ ಎಣಿಸಿ.

ಗೇಟ್‌ವೇ ಕಾಣೆಯಾಗುವುದಕ್ಕೆ ಎರಡು ಕಾರಣ ಇರುತ್ತದೆ. ರೂಟರ್‌ಗೆ ಸೇರಿದ ನೋಡ್ ರೂಟರ್‌ನ ಚಾನೆಲ್‌ನಲ್ಲೇ ಇರಬೇಕು. ರೂಟರ್ "ಆಟೋ" ಆಗಿದ್ದು 1ರಿಂದ 11ಕ್ಕೆ ಹಾರಿದರೆ ಗೇಟ್‌ವೇಯೂ ಹಾರುತ್ತದೆ, ಉಳಿದ 25 ನೋಡ್ 1ರಲ್ಲೇ ಕೂತಿರುತ್ತವೆ. ರೂಟರ್‌ನಲ್ಲಿ ಚಾನೆಲ್ ಸ್ಥಿರ ಮಾಡುವುದೇ ಸರಳ ಪರಿಹಾರ. ಅದು ಕೈಯಲ್ಲಿಲ್ಲದಿದ್ದರೆ ಗೇಟ್‌ವೇ ಮಾತ್ರ ಸೆಕೆಂಡಿಗೊಂದು ಪುಟ್ಟ ಫ್ರೇಮ್ ಕಳಿಸಲಿ. ಅದು ಕೇಳಿಸದಾದಾಗ ನೋಡ್ ಪ್ರತಿ ಚಾನೆಲ್‌ನಲ್ಲಿ 1.2 ಸೆಕೆಂಡ್ ಕಾದು ಹುಡುಕಲಿ. 13 ಚಾನೆಲ್‌ಗೆ 16 ಸೆಕೆಂಡಿನೊಳಗೆ ಮುಗಿಯುತ್ತದೆ. ಹುಡುಕಲು ಹೊರಡುವ ಹೊತ್ತು ಪ್ರತಿ ನೋಡ್‌ಗೂ ಬೇರೆ ಬೇರೆ ಇರಲಿ. ಮೊದಲು ಕಂಡುಕೊಂಡ ನೋಡ್ ಹಳೆ ಚಾನೆಲ್‌ಗೆ ಮರಳಿ "ಗೇಟ್‌ವೇ 11ರಲ್ಲಿದೆ" ಎಂದು ಮೂರು ಸಲ ಸಾರಿ ಆಮೇಲೆ ಹೋಗಲಿ. ಹೀಗೆ ಮಾಡದಿದ್ದರೆ ಒಬ್ಬರನ್ನೊಬ್ಬರು ಹುಡುಕುತ್ತಾ ಜಾಲವೇ ಚದುರುತ್ತದೆ.

ಎರಡನೆಯದು ಮೋಡೆಮ್ ಸ್ಲೀಪ್. ರೂಟರ್‌ಗೆ ಸೇರಿದ ಇಎಸ್‌ಪಿ32 ಡೀಫಾಲ್ಟ್ ಆಗಿ ಬೀಕನ್‌ಗಳ (ರೂಟರ್ ಆಗಾಗ ಕಳಿಸುವ ಸಂಕೇತ) ನಡುವೆ ರೇಡಿಯೊ ಮುಚ್ಚುತ್ತದೆ, ಆ ಹೊತ್ತಿನಲ್ಲಿ ಬಂದ ಇಎಸ್‌ಪಿ-ನೌ ಫ್ರೇಮ್ ಹೋದಂತೆಯೇ. ಗೇಟ್‌ವೇಯಲ್ಲಿ ಪವರ್ ಸೇವ್ ಆಫ್ ಮಾಡಿ. ಕರೆಂಟ್ ಹೆಚ್ಚು ಎಳೆಯುತ್ತದೆ, ಅದಕ್ಕೆ ಅಡಾಪ್ಟರ್ ಇರಲಿ.

ನೋಡ್‌ನಂಟು:

ಕ್ಯೂ ಹಾಕಿದೆ, ಪೀರ್ ಪಟ್ಟಿ ಬೇರೆ ಮಾಡಿದೆ, ಚಾನೆಲ್ 6ಕ್ಕೆ ಸ್ಥಿರ ಮಾಡಿದೆ. 26 ನೋಡ್‌ಗಳೂ ಒಬ್ಬರಿಗೊಬ್ಬರು ಪರಿಚಯವಾಗಿವೆ, ಗೇಟ್‌ವೇ ಈಗ ಕಾಣೆಯಾಗುತ್ತಿಲ್ಲ. ಮರುಪ್ರಸಾರಕ್ಕೆ ಟ್ರಿಕಲ್ ಅಲ್ಗಾರಿದಮ್ ಹಾಕಬಹುದೇ? ಸತ್ತ ನೋಡ್ ಇನ್ನೂ ಪಟ್ಟಿಯಲ್ಲೇ ಇದೆ.

ಪ್ಯಾಕೆಟ್‌ಪಾಲಕ:

ಟ್ರಿಕಲ್ (ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 6206, 2011) ಇದಕ್ಕೆ ಸರಿಯಾದ ಆಯ್ಕೆ. ಕನಿಷ್ಠ ಅವಧಿ 1 ಸೆಕೆಂಡ್, ಗರಿಷ್ಠ 64, ಕೆ (ಎಷ್ಟು ಸಲ ಕೇಳಿದರೆ ಸುಮ್ಮನಾಗಬೇಕು) ಬೆಲೆ 3 ಇಡಿ. ಪ್ರತಿ ಅವಧಿಯ ಎರಡನೇ ಅರ್ಧದಲ್ಲಿ ಯಾದೃಚ್ಛಿಕ ಕ್ಷಣವೊಂದನ್ನು ಆರಿಸಿ. ಅಷ್ಟರೊಳಗೆ ಅದೇ ಸುದ್ದಿ ಮೂರು ಸಲ ಕೇಳಿದ್ದರೆ ಸುಮ್ಮನಿರಿ, ಇಲ್ಲದಿದ್ದರೆ ಕಳಿಸಿ. ಜಾಲ ಶಾಂತವಾಗಿದ್ದರೆ ಅವಧಿ ದುಪ್ಪಟ್ಟಾಗುತ್ತಾ ಹೋಗುತ್ತದೆ, ಹೊಸ ಸುದ್ದಿ ಬಂದರೆ 1 ಸೆಕೆಂಡಿಗೆ ಇಳಿಯುತ್ತದೆ.

"ಹೊಸ ಸುದ್ದಿ" ಯಾವುದು ಎಂದು ಮಾತ್ರ ಬಿಗಿಯಾಗಿ ನಿರ್ಧರಿಸಿ. ಹೊಸ ನೋಡ್ ಬಂತು, ಒಂದು ಹೋಯಿತು, ಸೇವೆ ಬದಲಾಯಿತು ಎಂಬುವಷ್ಟೇ ಸುದ್ದಿ. ಕ್ರಮಸಂಖ್ಯೆ (ಪ್ರತಿ ಹಲೋಗೂ ಏರುವ ಎಣಿಕೆ) ಏರಿದ್ದನ್ನೂ ಸುದ್ದಿ ಎಂದುಕೊಂಡರೆ ಟೈಮರ್ ಯಾವತ್ತೂ 1 ಸೆಕೆಂಡ್ ದಾಟುವುದಿಲ್ಲ, ಹಳೆಯ ಗದ್ದಲ ಮರಳುತ್ತದೆ.

ಬೆಸುಗೆಬಿಂದು:

ಒಂದು ತಿದ್ದುಪಡಿ. "ನಾನು ಇದ್ದೇನೆ" ಎನ್ನುವ ಸ್ವಂತ ಹಲೋವನ್ನು ಟ್ರಿಕಲ್‌ಗೆ ಕೊಡಬೇಡಿ. ಬೇರೆಯವರು ಮಾತಾಡಿದರೆಂದು ಒಂದು ನೋಡ್ ಸುಮ್ಮನಾದರೆ ಅದು ಬದುಕಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಹಲೋ ಪಟ್ಟಿ ಇಲ್ಲದೆ, 10 ಬೈಟ್‌ನಷ್ಟೇ ಇರಲಿ: ಆವೃತ್ತಿ 1, ಬಗೆ 1, ಕ್ರಮಸಂಖ್ಯೆ 4, ಸೇವೆಗಳ ಬಿಟ್‌ಗಳು 4. 10 ಸೆಕೆಂಡಿಗೊಮ್ಮೆ, 2 ಸೆಕೆಂಡ್ ಆಚೀಚೆ, ಮರುಪ್ರಸಾರ ಬೇಡ. ಒಟ್ಟಿಗೆ ಪವರ್ ಬಂದ ಬೋರ್ಡ್‌ಗಳು ಒಂದೇ ಕ್ಷಣಕ್ಕೆ ಮಾತಾಡುತ್ತವೆ, ಅದಕ್ಕೇ ಈ ಆಚೀಚೆ.

ಗೆಳೆಯರ ಪಟ್ಟಿ ಮಾತ್ರ ಟ್ರಿಕಲ್‌ನಲ್ಲಿ ಹೋಗಲಿ. ನಮೂದು 12 ಬೈಟ್: ಮ್ಯಾಕ್ (ಬೋರ್ಡಿನ ವಿಳಾಸ) 6, ಕ್ರಮಸಂಖ್ಯೆ 4, ಗೆಲುವು (ಕೇಳಿದ ಕೆಲಸ ಆದದ್ದು) 1, ಸೋಲು (ಆಗದ್ದು) 1. 10 ಬೈಟ್ ಹೆಡರ್ ಜೊತೆ 20 ನಮೂದು ಸೇರಿದರೆ ಸರಿಯಾಗಿ 250. ನಿಮ್ಮ ಬಳಿ 25 ನಮೂದು ಇವೆ, ಹಾಗಾಗಿ ಸರದಿಯಂತೆ ಕಳಿಸಿ, ಬದಲಾದದ್ದು ಮೊದಲು. ಸ್ಟ್ರಕ್ಟ್ ಅನ್ನು ಪ್ಯಾಕ್ಡ್ ಎಂದು ಗುರುತಿಸುವುದು ಮರೆಯಬೇಡಿ. ಇಲ್ಲದಿದ್ದರೆ ಕಂಪೈಲರ್ ನಡುವೆ ಖಾಲಿ ಬೈಟ್ ತುಂಬಿ 12 ಇದ್ದದ್ದು 16 ಆಗುತ್ತದೆ, 20 ನಮೂದು 320 ಬೈಟ್ ಆಗುತ್ತದೆ, 250 ಬೈಟ್ ಮಿತಿಯ ಇಎಸ್‌ಪಿ-ನೌ ಮೊದಲ ಆವೃತ್ತಿ ಅದನ್ನು ಕಳಿಸುವುದೇ ಇಲ್ಲ.

ಕಂಡದ್ದುಕೇಳಿದ್ದು:

ಸತ್ತ ನೋಡ್ ಹೋಗದಿರುವುದು ಗಾಳಿಸುದ್ದಿಯ ಸಮಸ್ಯೆ. "ಅ" ಆಫ್ ಆಗಿದೆ. "ಆ" ತನ್ನ ಪಟ್ಟಿಯಲ್ಲಿ "ಅ" ಇದೆ ಎಂದು ಹೇಳುತ್ತದೆ. ಅದನ್ನು ಕೇಳಿದ "ಇ" ಕೊನೆಗೆ ಕಂಡ ಸಮಯವನ್ನು ಈಗಿನ ಕ್ಷಣಕ್ಕೆ ತಿದ್ದಿಕೊಂಡು ವಾಪಸ್ "ಆ"ಗೆ ಹೇಳುತ್ತದೆ. ಇಬ್ಬರೂ ಸೇರಿ ಇಲ್ಲದವರನ್ನು ಬದುಕಿಸಿ ಇಡುತ್ತಾರೆ. ನಿಯಮ ಒಂದೇ: ನೋಡ್‌ನ ಕ್ರಮಸಂಖ್ಯೆಯನ್ನು ಆ ನೋಡ್ ಮಾತ್ರ ಏರಿಸಬೇಕು, ಮತ್ತು ಸಂಖ್ಯೆ ನಿಜವಾಗಿ ಏರಿದಾಗ ಮಾತ್ರ ನಿಮ್ಮ ಟೈಮರ್ ಹೊಸದಾಗಬೇಕು. ನೇರವಾಗಿ ಕೇಳಿದ ನೋಡ್‌ಗೆ 40 ಸೆಕೆಂಡ್, ಬೇರೆಯವರ ಬಾಯಿಂದ ಕೇಳಿದ್ದಕ್ಕೆ 300 ಸೆಕೆಂಡ್ ಗಡುವು ಇಡಿ, ಏಕೆಂದರೆ ಮೂರು ಹಾಪ್‌ಗೆ (ಒಂದು ನೋಡ್‌ನಿಂದ ಇನ್ನೊಂದಕ್ಕೆ ದಾಟುವ ಹೆಜ್ಜೆ) 64ರಂತೆ 192 ಸೆಕೆಂಡ್ ಹಿಡಿಯಬಹುದು.

ಹೀಗೆ ಮಾಡಿದ ತಕ್ಷಣ ಇನ್ನೊಂದು ತೊಂದರೆ ಬರುತ್ತದೆ. ರೀಬೂಟ್ ಆದ ನೋಡ್ 0ರಿಂದ ಎಣಿಸುತ್ತದೆ, ಉಳಿದವರು ಅದನ್ನು ಹಳೆಯ ಸುದ್ದಿ ಎಂದು ಕಡೆಗಣಿಸುತ್ತಾರೆ. ಕ್ರಮಸಂಖ್ಯೆಯ ಮೇಲಿನ 16 ಬಿಟ್‌ಗೆ ಬೂಟ್ ಎಣಿಕೆ ಹಾಕಿ ಎನ್‌ವಿಎಸ್‌ನಲ್ಲಿ (ಪವರ್ ಹೋದರೂ ಉಳಿಯುವ ಫ್ಲ್ಯಾಶ್ ಜಾಗ) ಉಳಿಸಿ, ಕೆಳಗಿನ 16 ಬಿಟ್ ಹಲೋ ಎಣಿಕೆ. 10 ಸೆಕೆಂಡಿಗೊಂದು ಹಲೋ ಆದರೆ ಕೆಳಗಿನ ಭಾಗ ಏಳೂವರೆ ದಿನದಲ್ಲಿ ತುಂಬಿ ಮೇಲಿನದಕ್ಕೆ ಒಂದು ಸೇರುತ್ತದೆ. ಆ ಕ್ಷಣ ಎನ್‌ವಿಎಸ್‌ನ ಬೆಲೆಯನ್ನೂ ಏರಿಸಬೇಕು, ಇಲ್ಲದಿದ್ದರೆ ಮುಂದಿನ ರೀಬೂಟ್‌ನಲ್ಲಿ ಸಂಖ್ಯೆ ಹಿಂದಕ್ಕೆ ಹೋಗುತ್ತದೆ. ವಾರಗಟ್ಟಲೆ ಚೆನ್ನಾಗಿ ಓಡಿ ಆಮೇಲೆ ಕೆಡುವ ಬಗ್ ಇದು, ಹುಡುಕುವುದು ಬಹಳ ಕಷ್ಟ. ಬ್ಯಾಟರಿ ನೋಡ್‌ಗಳಲ್ಲಿ ಎಣಿಕೆ ಡೀಪ್ ಸ್ಲೀಪ್‌ನಲ್ಲೂ ಉಳಿಯುವ ಆರ್‌ಟಿಸಿ ಮೆಮೊರಿಯಲ್ಲಿರಲಿ, ಫ್ಲ್ಯಾಶ್‌ಗೆ ಬರೆಯುವುದು ಕೋಲ್ಡ್ ಬೂಟ್‌ನಲ್ಲಿ (ಪವರ್ ಹೋಗಿ ಬಂದಾಗ) ಮತ್ತು ಕೆಳಗಿನ ಭಾಗ ತುಂಬಿದಾಗ ಮಾತ್ರ.

ನಂಬಿಕೆ ಅಂಕಕ್ಕೆ ಯಾವ ಸೂತ್ರ ಹಾಕಿದ್ದೀರಿ?

ನೋಡ್‌ನಂಟು:

(ಗೆಲುವು + 1) ÷ (ಗೆಲುವು + ಸೋಲು + 2). ಬೇರೆ ನೋಡ್‌ಗಳು ಹೇಳಿದ ಗೆಲುವು-ಸೋಲನ್ನೂ ನನ್ನ ಲೆಕ್ಕಕ್ಕೇ ಕೂಡಿಸುತ್ತೇನೆ. ಉತ್ತರ 500 ಮಿಲಿಸೆಕೆಂಡಿನಲ್ಲಿ ಬರದಿದ್ದರೆ ಸೋಲು.

ಕಂಡದ್ದುಕೇಳಿದ್ದು:

ಸೂತ್ರ ಸರಿಯಿದೆ, ಹೊಸಬರಿಗೆ 0.5 ಸಿಗುತ್ತದೆ. ಕೂಡಿಸುವುದು ತಪ್ಪು. ನಾನು ನಿಮ್ಮ 3 ಸೋಲನ್ನು ನನ್ನದಕ್ಕೆ ಸೇರಿಸಿ ಮರಳಿ ನಿಮಗೆ ಹೇಳಿದರೆ ನಿಮ್ಮಲ್ಲಿ 6 ಆಗುತ್ತದೆ, ಒಂದೇ ಘಟನೆ ಪ್ರತಿಧ್ವನಿಯಂತೆ ಬೆಳೆಯುತ್ತದೆ. ಬ್ಯಾಟರಿ ನೋಡ್‌ಗಳ ಅಂಕ ಅಷ್ಟು ವೇಗವಾಗಿ ಕುಸಿದದ್ದಕ್ಕೆ ಇದೂ ಕಾರಣ. ಪ್ಯಾಕೆಟ್‌ನಲ್ಲಿ ಸ್ವಂತ ಅನುಭವದ ಗೆಲುವು-ಸೋಲು ಮಾತ್ರ ಹೋಗಬೇಕು. ನೀವೇ ವ್ಯವಹರಿಸದ ನೋಡ್‌ಗೆ 0, 0. ಕೇಳಿದ ಅಭಿಪ್ರಾಯವನ್ನು ಬೇರೆ ಕಾಲಂನಲ್ಲಿ ಇಟ್ಟು, ಹೇಳಿದವರ ಮೇಲೆ ನಿಮಗಿರುವ ನಂಬಿಕೆಯಿಂದ ಗುಣಿಸಿ, ಸ್ವಂತ ಅನುಭವ 5 ವ್ಯವಹಾರ ದಾಟಿದ ಮೇಲೆ ಕಡೆಗಣಿಸಿ. ಕೆಟ್ಟ ಫರ್ಮ್‌ವೇರ್ ಇರುವ ಎರಡು ನೋಡ್ ಒಂದನ್ನೊಂದು ಹೊಗಳುತ್ತಾ ಮೇಲೇರುವುದೂ ಇದರಿಂದ ನಿಲ್ಲುತ್ತದೆ.

ಮಲಗಿರುವವರನ್ನು ಕರೆದು, ಉತ್ತರ ಬರಲಿಲ್ಲವೆಂದು ಸೋಲು ಬರೆಯಬಾರದು. ಸೇವೆಯ 4 ಬೈಟ್‌ನಲ್ಲಿ ಒಂದನ್ನು "ಇಷ್ಟು 10 ಸೆಕೆಂಡ್‌ಗಳು ಮಲಗುತ್ತೇನೆ" ಎಂದು ಬಿಡಿ. 5 ನಿಮಿಷಕ್ಕೆ ಬೆಲೆ 30. ಆ ನೋಡ್‌ಗೆ 40 ಸೆಕೆಂಡ್ ಗಡುವೂ ಅನ್ವಯಿಸಬಾರದು, ಮಲಗುವ ಅವಧಿಯ ಎರಡೂವರೆ ಪಟ್ಟು ಕೊಡಿ. ಕೋರಿಕೆಯನ್ನು ಇಟ್ಟುಕೊಂಡು ಅದರ ಹಲೋ ಬಂದ ಕೂಡಲೇ ಕಳಿಸಿ. ಎದ್ದ ನೋಡ್ ಹಲೋ ನಂತರ 100 ಮಿಲಿಸೆಕೆಂಡ್ ಕಿವಿ ತೆರೆದಿರಲಿ. ರೇಡಿಯೊ ಮಟ್ಟದ ಎಸಿಕೆಯನ್ನು ಗೆಲುವು ಎನ್ನಬೇಡಿ, ಫ್ರೇಮ್ ತಲುಪಿತು ಎಂದಷ್ಟೇ ಅದರ ಅರ್ಥ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವಂತೆ, ಬಂದ ಬೆಲೆ ಸೆನ್ಸರ್‌ನ ಮಿತಿಯೊಳಗಿದ್ದರೆ ಮಾತ್ರ ಗೆಲುವು.

ಗಂಟೆಗೊಮ್ಮೆ ಗೆಲುವು, ಸೋಲು ಎರಡನ್ನೂ 0.9ರಿಂದ ಗುಣಿಸಿ. 22 ಗಂಟೆಯಲ್ಲಿ ಹಳೆಯ ಲೆಕ್ಕ ಹತ್ತನೇ ಒಂದಕ್ಕೆ ಇಳಿಯುತ್ತದೆ, ರಿಪೇರಿಯಾದ ನೋಡ್‌ಗೆ ಮತ್ತೆ ಅವಕಾಶ ಸಿಗುತ್ತದೆ.

ನೋಡ್‌ನಂಟು:

ಪ್ರತಿಧ್ವನಿ ನಿಂತಿತು, ಆಫ್ ಮಾಡಿದ ನೋಡ್ 5 ನಿಮಿಷದೊಳಗೆ ಎಲ್ಲ ಪಟ್ಟಿಗಳಿಂದ ಹೋಗುತ್ತಿದೆ. ಈಗ ತಾಪಮಾನಕ್ಕೆ ಎಲ್ಲರೂ ಒಂದೇ ನೋಡ್ ಅನ್ನು ಕೇಳುತ್ತಾರೆ. ಅದು ತಡವರಿಸಿದರೆ ಎಲ್ಲರೂ ಒಟ್ಟಿಗೆ ಎರಡನೆಯದಕ್ಕೆ ಹೋಗುತ್ತಾರೆ, ಆಮೇಲೆ ಅದೂ ತಡವರಿಸುತ್ತದೆ.

ಪ್ಯಾಕೆಟ್‌ಪಾಲಕ:

ಅತಿ ಹೆಚ್ಚು ಅಂಕದವರನ್ನೇ ಆರಿಸುವ ಸಾಲನ್ನು ತೆಗೆಯಿರಿ. 0.6 ದಾಟಿದವರಲ್ಲಿ ಇಬ್ಬರನ್ನು ಚೀಟಿ ಎತ್ತಿದಂತೆ ಆರಿಸಿ, ಆ ಇಬ್ಬರಲ್ಲಿ ಹೆಚ್ಚು ಅಂಕದವರನ್ನು ಕೇಳಿ. ಹೊರೆ ಹಂಚಿಹೋಗುತ್ತದೆ, ಎಲ್ಲರೂ ಒಂದೇ ಕಡೆ ವಾಲುವುದು ನಿಲ್ಲುತ್ತದೆ. ಹೊಸಬರು 0.5ರಲ್ಲೇ ಸಿಕ್ಕಿಬೀಳದಂತೆ 20 ಕೋರಿಕೆಗೆ ಒಂದನ್ನು 5 ವ್ಯವಹಾರ ಮುಟ್ಟದ ನೋಡ್‌ಗೆ ಕೊಡಿ, ಆದರೆ ರಿಲೇ ಕೋರಿಕೆಯನ್ನು ಹಾಗೆ ಕೊಡಬೇಡಿ, ಓದುವ ಕೋರಿಕೆ ಮಾತ್ರ.

ಪಟ್ಟಿ 64 ಮೀರುವಷ್ಟು ಜಾಲ ಬೆಳೆದರೆ ಯಾರನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಬರುತ್ತದೆ. ಸಂಶೋಧಕರಾದ ಅಟ್ಜೋರಿ, ಇಯೆರಾ, ಮೊರಾಬಿಟೊ, ನಿಟ್ಟಿ 2012ರಲ್ಲಿ ವಸ್ತುಗಳ ನಡುವಿನ ನಂಟನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಒಂದೇ ತಯಾರಕರ ಒಂದೇ ಕಾಲದ ಸರಕು, ಒಂದೇ ಸ್ಥಳದಲ್ಲಿರುವವು, ಒಂದೇ ಕೆಲಸಕ್ಕೆ ಕೂಡುವವು, ಒಬ್ಬರೇ ಒಡೆಯರವು, ಆಗಾಗ ಎದುರಾಗುವವು. ನಿಮ್ಮ ಜಾಲಕ್ಕೆ ಎರಡನೆಯದೂ ಮೂರನೆಯದೂ ಮುಖ್ಯ, ಏಕೆಂದರೆ ಕೋರಿಕೆಗಳು ಅವರ ನಡುವೆಯೇ ಓಡುತ್ತವೆ. ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲ) ಸರಾಸರಿ ಮೈನಸ್ 70 ಡಿಬಿಎಂಗಿಂತ ಚೆನ್ನಾಗಿರುವವರನ್ನು, ಜೊತೆಗೆ ಕಳೆದ 24 ಗಂಟೆಯಲ್ಲಿ ಕೆಲಸ ಹಂಚಿಕೊಂಡವರನ್ನು ಕೊನೆಯವರೆಗೂ ತೆಗೆಯಬೇಡಿ.

ಪರೀಕ್ಷೆಗೆ ಗೇಟ್‌ವೇ ಸೇರಿ ಮೂರು ನೋಡ್‌ಗಳನ್ನು ಒಟ್ಟಿಗೆ ಆಫ್ ಮಾಡಿ, 6 ನಿಮಿಷ ಬಿಟ್ಟು ಆನ್ ಮಾಡಿ. ಪ್ರತಿ ನೋಡ್‌ನಲ್ಲಿ ಬಿದ್ದುಹೋದ ಕ್ಯೂ ಎಣಿಕೆ, ಕಡೆಗಣಿಸಿದ ಹಳೆ ಕ್ರಮಸಂಖ್ಯೆಗಳ ಎಣಿಕೆ, ನಿಮಿಷಕ್ಕೆ ಕಳಿಸಿದ ಫ್ರೇಮ್ ಈ ಮೂರನ್ನು ಬರೆದಿಟ್ಟು ಇಲ್ಲಿ ಹಾಕಿ. ಮರಳಿದ ನೋಡ್‌ನ ಹಲೋಗಳನ್ನು ಯಾರಾದರೂ ಹಳೆಯದೆಂದು ಕಡೆಗಣಿಸಿದ್ದು ಕಂಡರೆ ಎನ್‌ವಿಎಸ್ ಬರೆಯುವ ಸಾಲನ್ನೇ ಮೊದಲು ನೋಡಿ.