ಮನೆ ಕಂದಾಯ ಏರಿದ್ದು ಸದಸ್ಯರ ಗೌರವಧನಕ್ಕಾಗಿಯೇ? ತಿಳಿದವರು ಹೇಳಿ

ಹೊಲಿಗೆಯವಳು, ಹಾಸನ ಜಿಲ್ಲೆ

ನಮ್ಮದು ಪುರಸಭೆ ಇರುವ ಊರು. ಪೇಟೆಯ ಒಳಬೀದಿಯಲ್ಲಿ ಮಾವನವರು 1974ರಲ್ಲಿ ಕಟ್ಟಿಸಿದ ಹೆಂಚಿನ ಮನೆಯಲ್ಲಿ ಇದ್ದೇನೆ. ಬೀದಿಗೆ ತೆರೆದುಕೊಳ್ಳುವ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಅದರಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಲಂಗ, ಶಾಲಾ ಸಮವಸ್ತ್ರ ಹೊಲಿಯುತ್ತೇನೆ. ಯಜಮಾನರು ತೀರಿಕೊಂಡ ಮೇಲೆ ನನ್ನ ಮತ್ತು ಅತ್ತೆಯವರ ಜೀವನ ನಡೆಯುತ್ತಿರುವುದು ಆ ಕೋಣೆಯಿಂದಲೇ.

ಕಳೆದ ವರ್ಷ ಕಂದಾಯ, ಸೆಸ್ ಎಲ್ಲ ಸೇರಿ 2,860 ರೂಪಾಯಿ ಇತ್ತು. ಈ ಏಪ್ರಿಲ್‌ನಲ್ಲಿ ಚಲನ್ ತೆಗೆಸಿದರೆ 4,190 ಬಂದಿದೆ. ಏಪ್ರಿಲ್‌ನಲ್ಲೇ ಕಟ್ಟಿದರೆ ಸಿಗುವ ಶೇ 5ರ ರಿಯಾಯಿತಿ ಕಳೆಯುವ ಮುಂಚಿನ ಲೆಕ್ಕ ಇದು. ಮನೆಗೆ ಒಂದು ಇಟ್ಟಿಗೆಯನ್ನೂ ಸೇರಿಸಿಲ್ಲ. ಹಿಂಬದಿಯ ಗೋಡೆ ಮಳೆಗೆ ಉಬ್ಬಿ ನಿಂತಿದೆ, ಅದನ್ನು ಸರಿಪಡಿಸಲೂ ಆಗಿಲ್ಲ. ಕಚೇರಿಯ ಕಿಟಕಿಯಲ್ಲಿ ಕೇಳಿದರೆ "ಕಂಪ್ಯೂಟರ್ ತೋರಿಸಿದ್ದು ಇದು" ಎಂದಷ್ಟೇ ಹೇಳಿದರು.

ಅದೇ ತಿಂಗಳ ಸಾಮಾನ್ಯ ಸಭೆಯಲ್ಲಿ ಸದಸ್ಯರೆಲ್ಲರೂ ಪಕ್ಷಭೇದವಿಲ್ಲದೆ ತಮ್ಮ ಗೌರವಧನ ಹೆಚ್ಚಿಸಬೇಕೆಂದು ಠರಾವು ಮಾಡಿದ್ದಾರೆ. 2025ರ ಮಾರ್ಚ್‌ನಲ್ಲಿ ಶಾಸಕರ ವೇತನ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯವರದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಸದನದಲ್ಲಿ ಗದ್ದಲ ನಡೆಯುತ್ತಿದ್ದಾಗಲೇ ಮಸೂದೆ ಪಾಸಾಯಿತು. ನೌಕರರಿಗೂ ವೇತನ ಆಯೋಗ ಬಂತು. ರವಿಕೆಯ ಕೂಲಿ ಇಪ್ಪತ್ತು ರೂಪಾಯಿ ಏರಿಸಿದರೆ ಗಿರಾಕಿಗಳು ಮುಂದಿನ ಬೀದಿಗೆ ಹೋಗುವ ಊರು ಇದು. ಇವರೆಲ್ಲರ ಏರಿಕೆಯನ್ನು ನನ್ನ ಮನೆ ಕಂದಾಯದಿಂದಲೇ ತುಂಬಿಸುತ್ತಿದ್ದಾರೆಯೇ? ಇಲ್ಲವಾದರೆ 1,330 ರೂಪಾಯಿ ಎಲ್ಲಿಂದ ಹುಟ್ಟಿತು? ಸಿಟ್ಟಿನಿಂದ ಕೇಳುತ್ತಿದ್ದೇನೆ, ನಿಜ. ಆದರೆ ಉತ್ತರವೂ ಬೇಕು.

ನಿವೃತ್ತ ಕಂದಾಯ ನಿರೀಕ್ಷಕ

ತಾಯಿ, ನಾನು ಬೇರೆ ಜಿಲ್ಲೆಯ ನಗರಸಭೆಗಳಲ್ಲಿ ಬಿಲ್ ಕಲೆಕ್ಟರ್ ಆಗಿ ಸೇರಿ ಕಂದಾಯ ನಿರೀಕ್ಷಕನಾಗಿ ನಿವೃತ್ತನಾದವನು. ನಿಮ್ಮ ಅಂಕಿಗಳನ್ನು ಇಟ್ಟುಕೊಂಡೇ ಹೇಳುತ್ತೇನೆ.

ಮೊದಲು ಗೌರವಧನ. ಸದಸ್ಯರ ಗೌರವಧನವನ್ನು ನಿಗದಿ ಮಾಡುವುದು ರಾಜ್ಯ ಸರ್ಕಾರ. ಪುರಸಭೆ ಠರಾವು ಮಾಡಿ ಕಳಿಸಬಹುದು, ತಾನೇ ಏರಿಸಿಕೊಳ್ಳಲಾಗದು. ಏರಿತು ಎಂದೇ ಇಟ್ಟುಕೊಳ್ಳಿ. 23 ಸದಸ್ಯರಿಗೆ ತಿಂಗಳಿಗೆ ತಲಾ 3,000 ರೂಪಾಯಿ ಹೆಚ್ಚಾದರೆ ವರ್ಷಕ್ಕೆ 8 ಲಕ್ಷ 28 ಸಾವಿರ. ಊರಿನಲ್ಲಿ 9,000 ಆಸ್ತಿಗಳಿವೆ ಎಂದುಕೊಂಡರೆ ಒಂದು ಆಸ್ತಿಯ ಮೇಲೆ 92 ರೂಪಾಯಿ ಬೀಳುತ್ತದೆ. ನಿಮಗೆ ಏರಿರುವುದು 1,330.

ಕಾಯಂ ನೌಕರರ ಸಂಬಳದ ಬಹುಪಾಲು ಪುರಸಭೆಗಳಿಗೆ ಬರುವುದು ರಾಜ್ಯ ಹಣಕಾಸು ಆಯೋಗದ ಅನುದಾನದಿಂದ. ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ಶೇ 27.5ರ ಏರಿಕೆಯಾಯಿತಲ್ಲ, ಆ ಹೊರೆ ಮೊದಲು ಬೀಳುವುದು ರಾಜ್ಯದ ಬೊಕ್ಕಸದ ಮೇಲೆ.

ಹಾಗಾದರೆ ನಿಮ್ಮ ಕಂದಾಯ ಏರಿದ್ದೇಕೆ? ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆಗೆ ಮಾರ್ಗಸೂಚಿ ದರ ಎನ್ನುತ್ತಾರೆ. ಮೊದಲು ಹಳೆಯ ಮಾರ್ಗಸೂಚಿ ದರವನ್ನೇ ಹಿಡಿದು ಮೂರು ವರ್ಷಕ್ಕೊಮ್ಮೆ ಶೇ 15 ಏರಿಸುತ್ತಿದ್ದೆವು. 2020ರ ಮೇ ತಿಂಗಳಲ್ಲಿ, ಕೋವಿಡ್ ಕಾಲದಲ್ಲಿ, ರಾಜ್ಯಗಳು ಹೆಚ್ಚುವರಿ ಸಾಲ ಎತ್ತಲು ಕೇಂದ್ರ ಅವಕಾಶ ಕೊಟ್ಟಿತು. ಅದರಲ್ಲಿ ಒಂದು ಪಾಲಿಗೆ ಷರತ್ತು ಇತ್ತು: ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಮಾರ್ಗಸೂಚಿ ದರಕ್ಕೆ ಹೊಂದಿಸಬೇಕು. ಹದಿನೈದನೇ ಹಣಕಾಸು ಆಯೋಗವೂ ನಗರ ಸಂಸ್ಥೆಗಳ ಅನುದಾನಕ್ಕೆ ಇಂಥದ್ದೇ ಷರತ್ತು ಹಾಕಿ, ವಸೂಲಿಯು ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಬೆಳವಣಿಗೆಗೆ ತಕ್ಕಂತೆ ಹೆಚ್ಚುತ್ತಿರಬೇಕು ಎಂದಿತು. ನಮ್ಮಲ್ಲಿ ಪುರಸಭೆ ಕಾಯ್ದೆಗೆ ತಿದ್ದುಪಡಿ ಬಂದು 2021–22ರಿಂದ ತೆರಿಗೆಯನ್ನು ಚಾಲ್ತಿ ಮಾರ್ಗಸೂಚಿ ದರಕ್ಕೆ ಕಟ್ಟಿಹಾಕಿದರು. ಆ ದರದ ಪರಿಷ್ಕರಣೆ ಇಲ್ಲದ ವರ್ಷಗಳಲ್ಲೂ ತೆರಿಗೆಯನ್ನು ಶೇ 3ರಿಂದ 5ರಷ್ಟು ಏರಿಸಬಹುದು. ಆಮೇಲೆ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಮಾರ್ಗಸೂಚಿ ದರವೇ ಏರಿತು. ನಿಮ್ಮ ಬೀದಿಯ ದರ ಈಗ ಎಷ್ಟಿದೆ ಎಂದು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನರ್ಧ ಸೆಸ್‌ನಲ್ಲಿದೆ. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಸೆಸ್ ಶೇ 3, ನಗರ ಸಾರಿಗೆ ಶೇ 2. ಒಟ್ಟು ಶೇ 26. ನಿಮ್ಮ 4,190ರಲ್ಲಿ ನಿಜವಾದ ತೆರಿಗೆ 3,325, ಉಳಿದ 865 ಸೆಸ್. ಕಳೆದ ವರ್ಷ ತೆರಿಗೆ 2,270, ಸೆಸ್ 590. ಸೆಸ್ ಒಂದೇ 275 ರೂಪಾಯಿ ಏರಿದೆ, ನಾನು ಹೇಳಿದ ಗೌರವಧನದ ಪಾಲಿನ ಮೂರು ಪಟ್ಟು. ಅದರ ದರವನ್ನು ಯಾರೂ ಏರಿಸಿಲ್ಲ. ತೆರಿಗೆ ಏರಿದರೆ ಅದೂ ತಾನಾಗಿ ಏರುತ್ತದೆ.

ಮಾಜಿ ಪುರಸಭಾ ಸದಸ್ಯ

ಐದು ವರ್ಷ ಸದಸ್ಯನಾಗಿದ್ದೆ, ಆದ್ದರಿಂದ ಇದನ್ನು ಹೇಳಲೇಬೇಕು. ರಾತ್ರಿ ಹನ್ನೊಂದಕ್ಕೆ ಒಳಚರಂಡಿ ಉಕ್ಕಿತೆಂದು ಜನ ಬಾಗಿಲು ಬಡಿಯುವುದು ಶಾಸಕರ ಮನೆಯದ್ದಲ್ಲ, ವಾರ್ಡ್ ಸದಸ್ಯನದ್ದು. ನೀರಿನ ಟ್ಯಾಂಕರ್ ಹಿಂದೆ ಓಡಾಡಲು ಹಾಕಿದ ಪೆಟ್ರೋಲಿಗೂ ಆ ಗೌರವಧನ ಸಾಲುತ್ತಿರಲಿಲ್ಲ. ಸಾಕಾಗದಷ್ಟು ಹಣ ಕೊಟ್ಟು ಕೆಲಸ ಮಾಡಿ ಎಂದರೆ ಗುತ್ತಿಗೆದಾರರ ಹತ್ತಿರ ಕೈಚಾಚುವವರೇ ಚುನಾವಣೆಗೆ ನಿಲ್ಲುತ್ತಾರೆ. ಕೂಲಿ ಕೆಲಸದ ಮಹಿಳೆಯೊಬ್ಬರು ಮೀಸಲಾತಿಯಲ್ಲಿ ಗೆದ್ದು ಬಂದರೆ, ಸಭೆಯ ದಿನ ಅವರ ಕೂಲಿ ಹೋಗುತ್ತದೆ. ಅದನ್ನು ತುಂಬಿಕೊಡುವವರು ಯಾರು?

ಆದರೆ ಅಕ್ಕ ಕೇಳಿದ ಪ್ರಶ್ನೆಯಲ್ಲಿ ಒಂದು ನ್ಯಾಯವಿದೆ, ಅದನ್ನು ಒಪ್ಪುತ್ತೇನೆ. ತೆರಿಗೆ ಏರಿಸಿದ ತಿಂಗಳಲ್ಲೇ ಗೌರವಧನದ ಠರಾವು ತರುವುದು ತಪ್ಪು. ಮೊದಲು ನೀರು ಕೊಟ್ಟು, ದೀಪ ಹಚ್ಚಿ, ಆಮೇಲೆ ಕೇಳಬೇಕಿತ್ತು.

ಪೌರಕಾರ್ಮಿಕಳ ಮಗ

ಎಲ್ಲರ ಏರಿಕೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನನ್ನ ತಾಯಿ ಗುತ್ತಿಗೆದಾರನ ಕೈಕೆಳಗೆ ಬೀದಿ ಗುಡಿಸಿದವರು. ಸಂಬಳ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಕೈಗವಸನ್ನು ನಾವೇ ಕೊಂಡು ಕೊಡುತ್ತಿದ್ದೆವು. ಭವಿಷ್ಯನಿಧಿ ಕಡಿತ ಚೀಟಿಯಲ್ಲಿತ್ತು, ಖಾತೆಯಲ್ಲಿ ಇರಲಿಲ್ಲ. ಗುತ್ತಿಗೆದಾರನನ್ನು ಬಿಟ್ಟು ಪುರಸಭೆಯೇ ಸಂಬಳ ಕೊಡುವ ನೇರ ಪಾವತಿ ಬಂದ ಮೇಲೆ ಸಂಬಳ ಬ್ಯಾಂಕಿಗೆ ಬೀಳತೊಡಗಿತು. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಕಸ ಗುಡಿಸುವುದನ್ನು ನಿಲ್ಲಿಸಿ ಕುಳಿತಾಗಲೇ ಕಾಯಂಗೊಳಿಸುವ ಮಾತನ್ನು ಸರ್ಕಾರ ಗಂಭೀರವಾಗಿ ತೆಗೆದುಕೊಂಡಿದ್ದು. ಕಸದ ಗಾಡಿಯ ಚಾಲಕರು, ಲೋಡರ್‌ಗಳು, ನೀರುಗಂಟಿಗಳು ಅನೇಕ ಊರುಗಳಲ್ಲಿ ಇವತ್ತಿಗೂ ಹೊರಗುತ್ತಿಗೆಯಲ್ಲೇ ಇದ್ದಾರೆ. ಅವರ ಸಂಬಳ ಹೆಚ್ಚಾಗಿ ಹೋಗುವುದು ಪುರಸಭೆಯ ಸ್ವಂತ ನಿಧಿಯಿಂದ, ಅಂದರೆ ನಿಮ್ಮ ಕಂದಾಯದಿಂದ. ಅದು ಕಡಿಮೆಯಾಗಲಿ ಎಂದು ಯಾರೂ ಬಯಸಬಾರದು.

ಹೊಲಿಗೆಯವಳು, ಹಾಸನ ಜಿಲ್ಲೆ

ನಿರೀಕ್ಷಕ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಉಪಕಾರವಾಯಿತು. ಕಚೇರಿಯ ಕಿಟಕಿಯಲ್ಲಿ ಈ ಮಾತನ್ನು ಯಾರಾದರೂ ಹೇಳಿದ್ದರೆ ನಾನು ಸಾಮಾನ್ಯ ಸಭೆಯವರ ಮೇಲೆ ಹರಿಹಾಯುತ್ತಿರಲಿಲ್ಲ. ತಮ್ಮಾ, ನಿನ್ನ ತಾಯಿಯವರ ಬಗ್ಗೆ ಬರೆದದ್ದು ಓದಿದೆ. ನಮ್ಮ ಬೀದಿಗೆ ಬರುವ ಹೆಣ್ಣುಮಗಳಿಗೆ ಸರಿಯಾದ ಸಂಬಳ ಸಿಗಲೆಂದು ನಾನು ಕಂದಾಯ ಕಟ್ಟಲು ಸಿದ್ಧಳಿದ್ದೇನೆ, ಇದನ್ನು ಮನಸಾರೆ ಹೇಳುತ್ತಿದ್ದೇನೆ. ಬೆಳಗಿನ ಆರಕ್ಕೆ ಅವಳು ಚರಂಡಿಯ ಮಣ್ಣು ಎತ್ತುವುದನ್ನು ದಿನಾ ನೋಡುತ್ತೇನೆ.

ನನ್ನ ತಕರಾರು ಈಗ ಬೇರೆ ಕಡೆಗೆ ತಿರುಗಿದೆ. ಉಪ ನೋಂದಣಾಧಿಕಾರಿ ಕಚೇರಿಗೆ ಹೋಗಿ ಬಂದೆ. ನಮ್ಮ ಬೀದಿಯ ದರ ಏರಿರುವುದು ನಿಜ. ಏಕೆ ಏರಿತು? ಊರ ಹೊರಗೆ ಬೈಪಾಸ್ ರಸ್ತೆ ಬಂತು, ಬೆಂಗಳೂರಿನವರು ಬಂದು ನಿವೇಶನ ಕೊಂಡರು, ನೋಂದಣಿಗಳ ಬೆಲೆ ಏರಿತು. ನಾನು ಮನೆ ಮಾರುವವಳಲ್ಲ. ಅತ್ತೆಗೆ ಎಂಬತ್ತು ದಾಟಿದೆ, ಅವರು ಈ ಮನೆಯಲ್ಲೇ ಕಣ್ಣು ಮುಚ್ಚಬೇಕು ಎನ್ನುವವರು. ಮಾರದ ಮನೆಯ ಬೆಲೆ ಏರಿದರೆ ನನ್ನ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ, ಕೈಯಿಂದ ಹೋಗುವುದು ಮಾತ್ರ ಹೆಚ್ಚುತ್ತದೆ. ಬೈಪಾಸ್ ಪಕ್ಕದಲ್ಲಿ ಬೇಲಿ ಹಾಕಿ ಬೆಲೆ ಏರಲೆಂದು ಕಾಯುತ್ತಿರುವ ಖಾಲಿ ನಿವೇಶನಕ್ಕೂ, ಐವತ್ತು ವರ್ಷದಿಂದ ಒಲೆ ಉರಿಯುತ್ತಿರುವ ಮನೆಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವೇ? ಸಂಬಳ ಯಾರದು ಏರಿತು ಎಂಬುದಕ್ಕಿಂತ ಈ ಪ್ರಶ್ನೆಯೇ ನನ್ನನ್ನು ಈಗ ಕಾಡುತ್ತಿದೆ.

ಇನ್ನೊಂದು ಕಂಡಿತು. ಚಲನ್‌ನಲ್ಲಿ ಅಂಗಡಿ ಕೋಣೆಯ ಅಳತೆಯನ್ನು 120 ಚದರ ಅಡಿ ಬದಲು 210 ಎಂದು ಬರೆದು ವಾಣಿಜ್ಯ ದರ ಹಾಕಿದ್ದಾರೆ. ಪಕ್ಕದ ಪಡಸಾಲೆಯನ್ನೂ ಅಂಗಡಿಗೆ ಸೇರಿಸಿದಂತಿದೆ. ಅಲ್ಲಿ ಅತ್ತೆಯ ಮಂಚ ಇದೆ.

ನ್ಯೂಜೆರ್ಸಿಯಿಂದ ಒಬ್ಬ

ನಾನು ತಿಪಟೂರಿನವನು, ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಆಸ್ತಿ ತೆರಿಗೆಯ ವಿಷಯದಲ್ಲಿ ಈ ರಾಜ್ಯಕ್ಕೆ ಅಮೆರಿಕದಲ್ಲೇ ಕುಖ್ಯಾತಿ. 2024ರಲ್ಲಿ ಒಂದು ಮನೆಯ ಸರಾಸರಿ ವಾರ್ಷಿಕ ತೆರಿಗೆ 10,000 ಡಾಲರ್ ದಾಟಿತು. ನಿಮ್ಮ ಮೊತ್ತದ ಜೊತೆ ಇದನ್ನು ಹೋಲಿಸುವುದು ಸರಿಯಲ್ಲ, ಶಾಲೆಗಳ ಖರ್ಚಿನ ದೊಡ್ಡ ಪಾಲು ಇಲ್ಲಿ ಇದರಿಂದಲೇ ನಡೆಯುತ್ತದೆ. ಆದರೂ ಎರಡು ವಿಷಯ ಹೇಳಬೇಕೆನಿಸಿತು. ಶಾಲೆಗೆ ಎಷ್ಟು, ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಎಷ್ಟು, ಊರಿನ ಆಡಳಿತಕ್ಕೆ ಎಷ್ಟು ಎಂದು ಬಿಲ್ಲಿನಲ್ಲೇ ಬೇರೆ ಬೇರೆ ಸಾಲಿನಲ್ಲಿ ಮುದ್ರಿಸಿರುತ್ತಾರೆ. ಪೊಲೀಸರ ಸಂಬಳ ಏರಿದ ವರ್ಷ ಜನ ಆ ಸಾಲಿನ ಮೇಲೆ ಬೆರಳಿಟ್ಟು ಸಭೆಯಲ್ಲಿ ಕೇಳುತ್ತಾರೆ. ಎರಡನೆಯದು, ಆದಾಯದ ಮಿತಿಯೊಳಗಿನ 65 ದಾಟಿದವರಿಗೆ 'ಸೀನಿಯರ್ ಫ್ರೀಜ್' ಎಂಬ ಯೋಜನೆ ಇದೆ. ಸೇರಿದ ವರ್ಷದ ತೆರಿಗೆಗಿಂತ ಮುಂದೆ ಏರಿದ್ದನ್ನು ರಾಜ್ಯವೇ ಅವರಿಗೆ ಮರಳಿಸುತ್ತದೆ. ನಿಮ್ಮ ಅತ್ತೆಯವರಂಥವರಿಗೆ ಕರ್ನಾಟಕದಲ್ಲೂ ಅದು ಬೇಕು.

ನಿವೃತ್ತ ಕಂದಾಯ ನಿರೀಕ್ಷಕ

ಅಳತೆಯ ವಿಷಯ ತಕ್ಷಣ ಹಿಡಿಯಿರಿ ತಾಯಿ, ನಿಮ್ಮ ಕೈಯಲ್ಲಿ ಗೆಲ್ಲಬಹುದಾದದ್ದು ಅದು. ಸ್ವಯಂ ಘೋಷಣೆ ಪದ್ಧತಿಯಲ್ಲಿ ಅಳತೆ ಘೋಷಿಸುವ ಹಕ್ಕು ಮಾಲೀಕರದ್ದು. ಮುಖ್ಯಾಧಿಕಾರಿಗೆ ಕನ್ನಡದಲ್ಲೇ ಒಂದು ಪುಟದ ಅರ್ಜಿ ಬರೆಯಿರಿ: ಅಂಗಡಿ 120 ಚದರ ಅಡಿ, ಉಳಿದದ್ದು ವಾಸಕ್ಕೆ, ಸ್ಥಳಕ್ಕೆ ಬಂದು ಅಳೆದು ಸರಿಪಡಿಸಿ ಎಂದು. ಕೋಣೆ ಮತ್ತು ಪಡಸಾಲೆಯ ಫೋಟೋ ಲಗತ್ತಿಸಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ, ಅಂದರೆ ಹಳೆಯದಾದಂತೆ ಇಳಿಯುವ ಬೆಲೆ, ಕಳೆದಿದ್ದಾರೆಯೇ ಎಂದೂ ಕೇಳಿ. 1974ರ ಹೆಂಚಿನ ಮನೆಯನ್ನು ಹೊಸ ಆರ್‌ಸಿಸಿ ಕಟ್ಟಡದಂತೆ ನಮೂದಿಸಿದ್ದನ್ನು ನಾನು ಸೇವೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ತೀರ್ಮಾನ ತಡವಾಗುವಂತಿದ್ದರೆ ಹಣ ಕಟ್ಟದೆ ಕೂರಬೇಡಿ. ಗಡುವು ಮೀರಿದರೆ ತಿಂಗಳಿಗೆ ಶೇ 2ರ ದಂಡ ಬೀಳುತ್ತದೆ. "ಆಕ್ಷೇಪಣೆಗೆ ಒಳಪಟ್ಟು" ಎಂದು ಪತ್ರ ಕೊಟ್ಟು ಕಟ್ಟಿ, ಹೆಚ್ಚಾದದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಲು ಕೇಳಿ.

ಸಂಬಳ, ಗೌರವಧನಕ್ಕೆ ಎಷ್ಟು ಹೋಗುತ್ತಿದೆ ಎಂದು ನೋಡಲು ಪುರಸಭೆಯ ಆಯವ್ಯಯದ ಪ್ರತಿ ಬೇಕು. ಕೊಡದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೂವತ್ತು ದಿನದೊಳಗೆ ಉತ್ತರಿಸಬೇಕು. ಆಯವ್ಯಯಕ್ಕೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ನಡೆಸಬೇಕೆಂದು 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಲ್ಲೇ ಇದೆ. ನಾನಿದ್ದ ಕಡೆಗಳಲ್ಲಿ ಆ ಸಭೆಗೆ ಗುತ್ತಿಗೆದಾರರು, ವರ್ತಕರ ಸಂಘದವರು ಬಂದು ಕೂರುತ್ತಿದ್ದರು. ಒಳಬೀದಿಯ ಮನೆಯವರು ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಸೂಚನಾ ಫಲಕ ನೋಡುತ್ತಿರಿ. ಬೀದಿಯ ನಾಲ್ಕು ಮನೆಯವರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಹೊಲಿಗೆಯವಳು, ಹಾಸನ ಜಿಲ್ಲೆ

ಸೋಮವಾರ ಅರ್ಜಿ ಕೊಡುತ್ತೇನೆ ಸರ್. ಬರೆದು ಮುಗಿಸಿದ್ದೇನೆ, ಪಕ್ಕದ ಮನೆಯ ಮೇಷ್ಟ್ರಿಗೆ ತೋರಿಸಿದೆ. ತಮ್ಮ ಮನೆಯ ಚಲನ್‌ನಲ್ಲೂ ಕಟ್ಟಡದ ವಯಸ್ಸಿನ ಕಾಲಮ್ ಖಾಲಿ ಇದೆ ಎಂದು ಅವರೂ ಅರ್ಜಿ ಬರೆಯುತ್ತಿದ್ದಾರೆ. ಸವಕಳಿಯ ಕೋಷ್ಟಕ ಕಚೇರಿಯಲ್ಲಿ ಕೇಳಿದರೆ ಕೊಡುತ್ತಾರೆಯೇ, ಅದಕ್ಕೂ ಮಾಹಿತಿ ಹಕ್ಕಿನ ಅರ್ಜಿಯೇ ಹಾಕಬೇಕೇ?