ಅಜ್ಜಿಯ ಡಬ್ಬಿಯ ಆನೆ ಕಾಸು: ಸಂಗ್ರಹ ಹೇಗೆ ಆರಂಭಿಸಲಿ?

ಪ್ರಶ್ನೆ: ಅಜ್ಜಿಯ ಎಲೆಅಡಿಕೆ ಡಬ್ಬಿಯ ತಳದಲ್ಲಿ ದಪ್ಪನೆಯ ತಾಮ್ರದ ನಾಣ್ಯವೊಂದು ಸಿಕ್ಕಿತು. ಒಂದು ಬದಿಯಲ್ಲಿ ಆನೆ, ಇನ್ನೊಂದರಲ್ಲಿ ಪಾರ್ಸಿ ಬರಹ. ಅಂದಿನಿಂದ ಹಳೆಯ ನಾಣ್ಯಗಳ ಹುಚ್ಚು ಹತ್ತಿದೆ. ಹುಣಸೆಹಣ್ಣು ಹಾಕಿ ತೊಳೆಯಲೇ?

ಉತ್ತರ 1: ದಯವಿಟ್ಟು ತೊಳೆಯಬೇಡಿ! ಇಪ್ಪತ್ತು ವರ್ಷಗಳ ಹಿಂದೆ ನಾನು ಹಾಗೆ ಉಜ್ಜಿದ ಕಾಸು ಇಂದಿಗೂ ನನ್ನ ಬಳಿ ಇದೆ. ಹೊಸ ಪಾತ್ರೆಯಂತೆ ಹೊಳೆಯುತ್ತದೆ, ಆನೆಯ ಕಣ್ಣು ಮಾತ್ರ ಅಳಿಸಿಹೋಗಿದೆ. ಶತಮಾನಗಳು ಕಟ್ಟಿದ ಆ ಕಂದು ಪದರವೇ ನಾಣ್ಯದ ರಕ್ಷಾಕವಚ. ನಿಮ್ಮದು ಟಿಪ್ಪುವಿನ ಕಾಲದ್ದಿರಬಹುದು. ಇಸವಿ ಓದುವಾಗ ಎಚ್ಚರ: 1787ರಿಂದ ಅವನು ತಂದ ಮೌಲೂದಿ ಎಂಬ ಹೊಸ ವರ್ಷಗಣನೆಯ ಲೆಕ್ಕದಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೊದಲ ಬಾರಿ ಹಾಗೆ ಓದಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಉತ್ತರ 2: ಕೊಳ್ಳುವಾಗ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲೂ ಬೆಸುಗೆಯಂಥ ಗೆರೆ, ಮೈಮೇಲೆ ಸಣ್ಣ ಗುಳ್ಳೆಗಳು ಕಂಡರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ನಕಲು ಎಂಬ ಅನುಮಾನವಿರಲಿ. ನೆಲದಲ್ಲಿ ನಿಧಿ ಸಿಕ್ಕರೆ ಮುಚ್ಚಿಡಬೇಡಿ. 1878ರ ನಿಧಿ ಕಾಯ್ದೆಯಿದೆ.

ಪ್ರಶ್ನೆ ಕೇಳಿದವರು: ಹುಣಸೆಹಣ್ಣು ಸಾರಿಗೆ ಹೋಯಿತು. ಕಾಸನ್ನು ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ನಾಳೆ ಭೂತಗನ್ನಡಿ ತರುತ್ತೇನೆ.