21 ಎಲೆ ಟ್ರಿಕ್: 11ನೇ ಎಲೆ ತಪ್ಪುವುದೇಕೆ?

ಪ್ರಶ್ನೆ (ಹಾಸನ): ಶನಿವಾರ ಇಲ್ಲಿನ ಹೈಸ್ಕೂಲ್ ಮಕ್ಕಳಿಗೆ 21 ಇಸ್ಪೀಟ್ ಎಲೆಯ ಟ್ರಿಕ್ ತೋರಿಸಬೇಕು. ಒಬ್ಬರು ಮನಸ್ಸಲ್ಲೇ ಒಂದು ಎಲೆ ನೆನೆಯೋದು, ನಾನು ಮೂರು ಸಾಲು ಹಾಕಿ ಅದು ಯಾವ ಸಾಲಲ್ಲಿದೆ ಅಂತ ಕೇಳಿ ಮತ್ತೆ ಕಟ್ಟು ಮಾಡೋದು; ಹೀಗೆ ಮೂರು ಸಲ ಆದ ಮೇಲೆ 11ನೇ ಎಲೆಯೇ ಅವರದಾಗಿರಬೇಕು. ಮೂರು ಸಲ ಹಾಕಿದರೂ 11ನೇ ಎಲೆ ಬೇರೆಯದೇ ಬರುತ್ತೆ. ಎಲ್ಲಿ ತಪ್ಪು?

ಉತ್ತರ 1: ಏಳೇಳು ಎಲೆ ಒಟ್ಟಿಗೆ ಒಂದೇ ಸಾಲಿಗೆ ಹಾಕ್ತಿದ್ದೀರೇನೋ. ಹಾಗಲ್ಲ ಸಾರ್, ಎಡ, ನಡು, ಬಲ ಅಂತ ಒಂದೊಂದೇ ಹಾಕ್ತಾ ಹೋಗಿ. ಎಲೆ ನೆನೆದವರು ತೋರಿಸಿದ ಸಾಲನ್ನ ಮೂರೂ ಸಲ ಉಳಿದೆರಡರ ನಡುವೆ ಇಟ್ಟೇ ಕಟ್ಟು ಮಾಡಿ.

ಉತ್ತರ 2: ಕಾರಣವನ್ನೂ ಹೇಳಿ, ಟ್ರಿಕ್‌ನ ನಿಜವಾದ ಸೊಗಸು ಅಲ್ಲೇ ಇರೋದು. ಮೊದಲ ಕಟ್ಟಿನಲ್ಲಿ ನೆನೆದ ಎಲೆ 8ರಿಂದ 14ನೇ ಸ್ಥಾನದೊಳಗೆ, ಎರಡನೆಯದರಲ್ಲಿ 10, 11 ಅಥವಾ 12. ಮತ್ತೆ ಹಾಕಿದಾಗ ಈ ಮೂರೂ ಒಂದೊಂದು ಸಾಲಿನ 4ನೇ ಎಲೆ. ಸಾಲು ತೋರಿಸಿದ ಕ್ಷಣವೇ ಎಲೆ ಗೊತ್ತಾಯ್ತು!

ಉತ್ತರ 3 (ಚಿಕ್ಕಮಗಳೂರು): 27 ಎಲೆಯಲ್ಲೂ ಮಾಡಿಸಿ, 14ನೆಯದು ಬರುತ್ತೆ.